ಠಾಣೆಯ ದಾರಿ, ಆಸ್ಪತ್ರೆಯ ದಾರಿ



ನಿಮ್ಮೂರ ಬಸ್ ನಿಲ್ದಾಣದಲ್ಲಿ ಒಬ್ಬ ಹುಡುಗ ಹಲವು ದಿನಗಳಿಂದ ನಿದ್ದೆಯಿಲ್ಲದೆ ತಿರುಗುತ್ತಿದ್ದಾನೆ ಎಂದಿಟ್ಟುಕೊಳ್ಳಿ. ತನ್ನಷ್ಟಕ್ಕೆ ತಾನೇ ಮಾತಾಡುತ್ತಾನೆ. ಯಾರೋ ತನ್ನನ್ನು ಕೊಲ್ಲಲು ಬರುತ್ತಿದ್ದಾರೆ ಎನ್ನುತ್ತಾನೆ. ಒಂದು ಸಂಜೆ, ಅಂಗಡಿಯವರು ತನ್ನನ್ನೇ ನೋಡಿ ನಕ್ಕರೆಂದು ಕಲ್ಲು ಎತ್ತುತ್ತಾನೆ. ಕನ್ನಡದವರು ಹುಚ್ಚು ಎನ್ನುತ್ತಾರೆ, ತೆಲುಗಿನವರು ಪಿಚ್ಚಿ ಎನ್ನುತ್ತಾರೆ. ಆದರೆ ಎರಡು ಭಾಷೆಯವರೂ ಸೇರಿ ಕರೆಯುವುದು ಪೊಲೀಸರನ್ನೇ. ಈ ಅಭ್ಯಾಸ ನಮಗೆ ಎಲ್ಲಿಂದ ಬಂತು? ಇದಕ್ಕೆ ಬೇರೆ ದಾರಿ ಇರಲಿಲ್ಲವೆ? ಈ ಹೊತ್ತು ಅದರ ಚರಿತ್ರೆಯನ್ನು ಸ್ವಲ್ಪ ನೋಡೋಣ.

ನಮ್ಮ ಸೀಮೆ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಕಾಲ. 1882ರಲ್ಲಿ ಬಳ್ಳಾರಿಯಿಂದ ಅನಂತಪುರ ಜಿಲ್ಲೆ ಬೇರೆಯಾದಾಗ ಮಡಕಶಿರ ಅನಂತಪುರದ ಪಾಲಾಯಿತು. ರಾಯದುರ್ಗ ಬಳ್ಳಾರಿಯಲ್ಲೇ ಉಳಿಯಿತು. ಮದರಾಸಿನ ಕಿಲ್ಪಾಕ್‌ನಲ್ಲಿ 1871ರಲ್ಲೇ ದೊಡ್ಡ ಹುಚ್ಚಾಸ್ಪತ್ರೆ ತೆರೆದಿತ್ತು. ಆದರೆ ನಮ್ಮ ಹಳ್ಳಿಯ ಬಡವನಿಗೆ ಮದರಾಸು ಎಷ್ಟು ದೂರ ಎಂಬುದನ್ನು ನೀವೇ ಊಹಿಸಿಕೊಳ್ಳಿ. 1912ರ ಕಾಯಿದೆಯಂತೆ, ಬೀದಿಯಲ್ಲಿ ಅಲೆಯುವ ಬುದ್ಧಿಭ್ರಮಣೆಯವನನ್ನು ಪೊಲೀಸರು ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಅಲ್ಲಿಂದ ಆಸ್ಪತ್ರೆಗೆ. ಹೀಗೆ ರೋಗಿಯ ದಾರಿ ಶುರುವಾಗುತ್ತಿದ್ದುದೇ ಠಾಣೆಯಿಂದ.

ದೇಶದ ಹಲವು ಕಡೆ ಅಂಥವರು ಆಸ್ಪತ್ರೆ ತಲುಪದೆ ಸೆರೆಮನೆಯಲ್ಲೇ ಉಳಿದುಬಿಟ್ಟರು. ಅಸ್ಸಾಮಿನ ಮಾಚಂಗ್ ಲಾಲುಂಗ್ ಎಂಬಾತನನ್ನು 1951ರಲ್ಲಿ, ಆತನ 23ನೇ ವಯಸ್ಸಿನಲ್ಲಿ, ಯಾರನ್ನೋ ಗಾಯಗೊಳಿಸಿದನೆಂದು ಹಿಡಿದರು. ತೇಜಪುರದ ಮಾನಸಿಕ ಆಸ್ಪತ್ರೆಗೆ ಕಳಿಸಿದರು. ಈತ ಗುಣವಾಗಿದ್ದಾನೆಂದು 1967ರಲ್ಲಿ ವೈದ್ಯರು ಬರೆದುಕೊಟ್ಟರು. ಆದರೂ ಆತ ಮನೆಗೆ ಹೋಗಲಿಲ್ಲ, ಗುವಾಹಟಿಯ ಜೈಲಿಗೆ ಹೋದ. ವಿಚಾರಣೆಯೇ ನಡೆಯದೆ 54 ವರ್ಷ ಕಳೆದು, 2005ರಲ್ಲಿ ಹೊರಬಂದಾಗ ಆತನಿಗೆ 77 ವರ್ಷ. ಒಂದು ಜೀವಮಾನವೇ ಮುಗಿದಿತ್ತು. ಅಪರಾಧ ಮಾಡದ ಮಾನಸಿಕ ರೋಗಿಗಳನ್ನು ಜೈಲಿಗೆ ಸೇರಿಸುವುದು ಸಂವಿಧಾನಕ್ಕೆ ವಿರುದ್ಧವೆಂದು, ಪತ್ರಕರ್ತೆ ಶೀಲಾ ಬರ್ಸೆಯವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 1993ರಲ್ಲಿ.

ಆದರೆ ಬೇರೊಂದು ದಾರಿ ಅಷ್ಟರಲ್ಲಾಗಲೇ ನಮ್ಮ ಪಕ್ಕದಲ್ಲೇ ತೆರೆದಿತ್ತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1970ರ ದಶಕದಲ್ಲಿ ಸಕಲವಾರ ಎಂಬ ಹಳ್ಳಿಯಲ್ಲಿ ಒಂದು ಕೇಂದ್ರ ನಡೆಸಿ, ಹಳ್ಳಿಯ ಆರೋಗ್ಯ ಕಾರ್ಯಕರ್ತರೇ ಮನೋರೋಗಿಗಳನ್ನು ಗುರುತಿಸಬಲ್ಲರು ಎಂಬುದನ್ನು ಕಂಡುಕೊಂಡರು. 1985ರಲ್ಲಿ ಆ ಪ್ರಯೋಗವನ್ನು ಇಡೀ ಬಳ್ಳಾರಿ ಜಿಲ್ಲೆಗೆ ಹರಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ತರಬೇತಿ. ಮನೆ ಮನೆಗೆ ಹೋಗುವ ಕಾರ್ಯಕರ್ತರಿಗೆ ತರಬೇತಿ. ಅಲ್ಲೇ ಸಿಗುವ ಕೆಲವೇ ಮುಖ್ಯ ಔಷಧಿಗಳು. ಯಾರು ಔಷಧಿಗೆ ಬರಲಿಲ್ಲ ಎಂದು ನೋಡಲು ಒಂದು ಸರಳ ಲೆಕ್ಕ. ಇಷ್ಟೇ ಅದರ ಬಂಡವಾಳ. ಮೂರ್ಛೆರೋಗದವರೂ ಅಲ್ಲಿಗೇ ಬಂದರು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭಿಸಿದಾಗ ಹಿಡಿದದ್ದು ಈ ಬಳ್ಳಾರಿಯ ಮಾದರಿಯನ್ನೇ. ಮೊದಲ ನಾಲ್ಕು ರಾಜ್ಯಗಳಲ್ಲಿ ಆಂಧ್ರವೂ ಒಂದು.

ಇಲ್ಲಿ ಗಡಿಯ ಮಾತು ಬರುತ್ತದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿತು. ಅದೇ ಜಿಲ್ಲೆಯ ರಾಯದುರ್ಗ, ಆದೋನಿ, ಆಲೂರು ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಆ ಗೆರೆ ಬೀಳದೆ ಇದ್ದಿದ್ದರೆ 1985ರ ಪ್ರಯೋಗ ರಾಯದುರ್ಗದ ಹಳ್ಳಿಗಳಲ್ಲೂ ನಡೆಯುತ್ತಿತ್ತು. ಹಾಗೆಂದು ಕೊರಗಿ ಫಲವಿಲ್ಲ. ಬಳ್ಳಾರಿಯ ಪಾಠಕ್ಕೆ ಗಡಿಯಿಲ್ಲ.

ಆ ಪಾಠವೇನು? ಮಾನಸಿಕ ರೋಗಿಗಳೆಲ್ಲ ಅಪಾಯಕಾರಿಗಳಲ್ಲ. ಅವರು ಹೊಡೆಯುವುದಕ್ಕಿಂತ ಹೊಡೆಸಿಕೊಳ್ಳುವುದೇ ಹೆಚ್ಚು. ಆದರೆ ಔಷಧಿ ನಿಂತು, ಸಂಶಯ ಬೆಳೆದು, ಅದರ ಮೇಲೆ ಕುಡಿತವೂ ಸೇರಿದರೆ ಕೆಲವರ ಕೈಯಿಂದ ಕೆಟ್ಟ ಕೆಲಸ ಆಗಿಬಿಡುವುದುಂಟು. ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ನಿಮ್ಹಾನ್ಸ್ ವೈದ್ಯರು 5,024 ಕೈದಿಗಳನ್ನು ಪರೀಕ್ಷಿಸಿ 2011ರಲ್ಲಿ ವರದಿ ಕೊಟ್ಟರು. ಕುಡಿತ ಮತ್ತಿತರ ಚಟಗಳನ್ನು ಬಿಟ್ಟು ಎಣಿಸಿದರೂ ನೂರಕ್ಕೆ ಸುಮಾರು 28 ಮಂದಿಗೆ ಮಾನಸಿಕ ಕಾಯಿಲೆಯಿತ್ತು. ಕೆಲವರಿಗೆ ಅದು ಜೈಲಿನ ಒಳಗೇ ಬಂದಿರಬಹುದು. ಹೊರಗಿರುವಾಗಲೇ ಬಂದವರ ಮನೆಯ ಬಾಗಿಲಿಗೆ ಒಬ್ಬ ಆರೋಗ್ಯ ಕಾರ್ಯಕರ್ತೆ ಮೊದಲೇ ಬಂದಿದ್ದರೆ, ಅವರಲ್ಲಿ ಕೆಲವರಾದರೂ ಇಂದು ಹೊಲದಲ್ಲಿರುತ್ತಿದ್ದರು.

ಕಾಯಿದೆಯೂ ಈಗ ಬದಲಾಗಿದೆ. 2017ರ ಮಾನಸಿಕ ಆರೋಗ್ಯ ಕಾಯಿದೆ 2018ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಅದರಂತೆ ಬೀದಿಯಲ್ಲಿ ಸಿಕ್ಕ ಮಾನಸಿಕ ರೋಗಿಯನ್ನು ಪೊಲೀಸರು ತಮ್ಮ ರಕ್ಷಣೆಗೆ ತೆಗೆದುಕೊಂಡು, 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಮುಟ್ಟಿಸಬೇಕು. ಲಾಕಪ್ಪಿನಲ್ಲಿ ಇಡುವಂತಿಲ್ಲ. ಸರಪಣಿ ಹಾಕುವುದೂ ನಿಷಿದ್ಧ. ಆದ್ದರಿಂದ ಠಾಣೆಗೆ ಹೇಳಬೇಕಾಗಿ ಬಂದರೆ, 'ಕಳ್ಳನನ್ನು ಹಿಡಿಯಿರಿ' ಎನ್ನಬೇಡಿ, 'ರೋಗಿಯನ್ನು ಆಸ್ಪತ್ರೆಗೆ ಸೇರಿಸಿ' ಎಂದು ಹೇಳಿ.

ಮಡಕಶಿರದವರು 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದ್ದಾರೆ, ರಾಯದುರ್ಗದವರು ಅನಂತಪುರದಲ್ಲೇ ಇದ್ದಾರೆ. ಜಿಲ್ಲೆ ಯಾವುದಾದರೇನು? ಅದೇ ವರ್ಷದ ಅಕ್ಟೋಬರಿನಲ್ಲಿ ಸರ್ಕಾರ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆ ತೆರೆದಿದೆ, ಸಂಖ್ಯೆ 14416. ಅಲ್ಲಿ ತೆಲುಗಿನಲ್ಲೂ ಮಾತಾಡಬಹುದು, ಕನ್ನಡದಲ್ಲೂ ಮಾತಾಡಬಹುದು. ಹೊಲದ ಲೆಕ್ಕವನ್ನು ಯಾವ ಭಾಷೆಯಲ್ಲಾದರೂ ಹೇಳಬಹುದು. ಎದೆಯ ದಿಗಿಲನ್ನು ಮಾತ್ರ ತಾಯಿಯ ಭಾಷೆಯಲ್ಲೇ ಹೇಳಬೇಕಾಗುತ್ತದೆ.

ಬಂಧುಗಳೇ, ನಿದ್ದೆಗೆಟ್ಟ ಹುಡುಗನನ್ನು ಕಲ್ಲು ಎತ್ತುವ ತನಕ ಕಾಯಬೇಡಿ. ಮೊದಲ ವಾರದಲ್ಲೇ ಆಶಾ ಕಾರ್ಯಕರ್ತೆಗೆ ಹೇಳಿ, ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಔಷಧಿ ಕೊಟ್ಟರೆ ಗುಣವಾಗುತ್ತಿದ್ದಂತೆ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ. ಅವನು ಗುಣವಾಗಿ ಬಂದಾಗ ಅದೇ ಅಂಗಡಿಯ ಕಟ್ಟೆಯ ಮೇಲೆ ಒಂದು ಲೋಟ ಚಹಾ ಕೊಟ್ಟು ಕೂರಿಸಿಕೊಳ್ಳಿ. ಆ ಕೆಲಸಕ್ಕೆ ಯಾವ ತರಬೇತಿಯೂ ಬೇಕಾಗಿಲ್ಲ.