ನಾಳೆಗೆ ತಳ್ಳುವ ಮನಸ್ಸು: ಒಂದು ಅಧ್ಯಯನ ಕ್ಷೇತ್ರ ಬೆಳೆದ ಬಗೆ

ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಒಂದು ವರ್ಷ ಭಾರತದಲ್ಲಿದ್ದಾಗ ಅವರನ್ನು ನೋಡಲು ಗೆಳೆಯ ಜೋಸೆಫ್ ಸ್ಟಿಗ್ಲಿಟ್ಜ್ ಬಂದಿದ್ದರು. ವಾಪಸು ಹೊರಡುವಾಗ ವಿಮಾನದಲ್ಲಿ ಅಷ್ಟು ಸಾಮಾನು ಒಯ್ಯುವಂತಿಲ್ಲ ಎಂದಾಯಿತು. ಬಟ್ಟೆಯ ಪೆಟ್ಟಿಗೆಯೊಂದನ್ನು ಅಕರ್ಲಾಫ್ ಕೈಗೆ ಕೊಟ್ಟು, ಆಮೇಲೆ ಕಳಿಸಿಕೊಡಿ ಎಂದು ಹೇಳಿ ಹೋದರು. ಇಲ್ಲಿ ಕೆಲಸಗಳು ಸಾಗುವ ನಿಧಾನ, ಇಂಥದ್ದರಲ್ಲಿ ತಮಗಿಲ್ಲದ ಚಾಲಾಕಿತನ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಪಾರ್ಸೆಲ್ ಕಳಿಸಲು ಇಡೀ ದಿನ ಬೇಕು ಎಂದು ಅಕರ್ಲಾಫ್ ಅಂದಾಜು ಮಾಡಿದರು. ಎಂಟು ತಿಂಗಳಿಗೂ ಹೆಚ್ಚು ಕಾಲ ಪ್ರತಿ ಬೆಳಗ್ಗೆ ಎದ್ದು, ನಾಳೆ ಕಳಿಸಿಬಿಡುತ್ತೇನೆ ಎಂದು ನಿರ್ಧರಿಸಿದರು. ಕೊನೆಗೆ ಪೆಟ್ಟಿಗೆ ಅಮೆರಿಕಕ್ಕೆ ಮರಳುತ್ತಿದ್ದ ಇನ್ನೊಬ್ಬ ಗೆಳೆಯರ ಸಾಮಾನಿನ ಜೊತೆ ಸೇರಿಕೊಂಡು ಹೋಯಿತು.

ಮುಂದೆ ನೊಬೆಲ್ ಪಡೆದ ಈ ವಿದ್ವಾಂಸರು 1991ರಲ್ಲಿ ಈ ಪ್ರಸಂಗವನ್ನೇ ಮುಂದಿಟ್ಟು ಪ್ರಬಂಧವೊಂದನ್ನು ಪ್ರಕಟಿಸಿದರು. ಇಂದೇ ಪಡಬೇಕಾದ ಶ್ರಮ ಕಣ್ಣಿಗೆ ರಾಚುತ್ತದೆ. ಒಂದು ದಿನ ತಡವಾದರೆ ಆಗುವ ನಷ್ಟ ಮಾತ್ರ ತೀರಾ ಚಿಕ್ಕದು. ಹಾಗಾಗಿ ಒಂದೊಂದು ದಿನದ ನಿರ್ಧಾರವೂ ಆ ಹೊತ್ತಿಗೆ ಸರಿಯೆಂದೇ ತೋರುತ್ತದೆ, ಎಲ್ಲ ಸೇರಿದಾಗ ನಷ್ಟ ದೊಡ್ಡದಾಗಿರುತ್ತದೆ. ಕೆಲಸ ಮುಂದೂಡುವವರನ್ನು ಮೈಗಳ್ಳರೆಂದು ತಳ್ಳಿಹಾಕಲು ಈ ವಿವರಣೆಯಲ್ಲಿ ಜಾಗವಿಲ್ಲ.

ಮನೋವಿಜ್ಞಾನಿಗಳು ಈ ವಿಷಯಕ್ಕೆ ಅದಕ್ಕೂ ಮೊದಲೇ ಕೈಹಾಕಿದ್ದರು. 1977ರಲ್ಲಿ ಆಲ್ಬರ್ಟ್ ಎಲ್ಲಿಸ್ ಮತ್ತು ವಿಲಿಯಂ ನಾಸ್ ಬರೆದ ಪುಸ್ತಕ ದೋಷವನ್ನು ನಮ್ಮ ನಂಬಿಕೆಗಳಲ್ಲಿ ಹುಡುಕಿತು. ಮಾಡಿದ್ದೆಲ್ಲ ಚೆನ್ನಾಗಿಯೇ ಆಗಬೇಕು, ಯಾವ ಕೆಲಸವೂ ಕಷ್ಟ ಕೊಡಬಾರದು ಎಂಬಂಥ ಹಟದ ನಂಬಿಕೆಗಳವು. 1984ರಲ್ಲಿ ಲಾರಾ ಸಾಲಮನ್ ಮತ್ತು ಎಸ್ತರ್ ರಾತ್‌ಬ್ಲಮ್ ವಿದ್ಯಾರ್ಥಿಗಳ ಸಮೀಕ್ಷೆ ನಡೆಸಿದಾಗ, ಪ್ರಬಂಧ ಬರೆಯುವುದನ್ನು ಯಾವಾಗಲೂ ಅಥವಾ ಹೆಚ್ಚುಕಡಿಮೆ ಯಾವಾಗಲೂ ಮುಂದೂಡುತ್ತೇವೆ ಎಂದವರು ಶೇ. 46ರಷ್ಟಿದ್ದರು. ಸೋಲಿನ ಭಯ, ಕೆಲಸದ ಬಗೆಗಿನ ಅರುಚಿ ಇವೆರಡು ಮುಖ್ಯ ಕಾರಣಗಳಾಗಿ ಕಂಡವು. 1986ರಲ್ಲಿ ಕೆನಡಾದ ಕ್ಲಾರಿ ಲೇ ಈ ಸ್ವಭಾವವನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ರೂಪಿಸಿದರು. ಮುಂದಿನ ಎರಡು ದಶಕಗಳ ಬಹುಪಾಲು ಸಂಶೋಧನೆ ಅಳೆಯುವುದರಲ್ಲಿ, ಹೋಲಿಸುವುದರಲ್ಲೇ ಕಳೆಯಿತು.

ಒತ್ತಡ ಬಿದ್ದಾಗಲೇ ನನ್ನ ಕೆಲಸ ಚೆನ್ನಾಗಿ ಆಗುವುದು ಎನ್ನುವವರು ಎಲ್ಲ ಕಾಲೇಜು, ಎಲ್ಲ ಕಚೇರಿಗಳಲ್ಲೂ ಸಿಗುತ್ತಾರೆ. ಡಯಾನ್ ಟೈಸ್ ಮತ್ತು ರಾಯ್ ಬಾಮೈಸ್ಟರ್ ಇದನ್ನು ಪರೀಕ್ಷೆಗೆ ಒಡ್ಡಿ 1997ರಲ್ಲಿ ಫಲಿತಾಂಶ ಪ್ರಕಟಿಸಿದರು. ಸೆಮಿಸ್ಟರಿನ ಆರಂಭದಲ್ಲಿ ಮುಂದೂಡುವ ವಿದ್ಯಾರ್ಥಿಗಳು ನಿಜಕ್ಕೂ ನಿರಾಳವಾಗಿದ್ದರು, ಅವರ ಆರೋಗ್ಯವೂ ಉಳಿದವರಿಗಿಂತ ಚೆನ್ನಾಗಿತ್ತು. ಗಡುವು ಹತ್ತಿರವಾದಂತೆ ಲೆಕ್ಕ ತಿರುಗಿತು. ಅವರ ಒತ್ತಡ, ಕಾಯಿಲೆಗಳೆರಡೂ ಉಳಿದವರನ್ನು ಮೀರಿದವು. ಅಂಕಗಳೂ ಕಡಿಮೆಯೇ ಬಂದವು.

ಆದರೆ ಈ ಕ್ಷೇತ್ರದ ದಿಕ್ಕು ಬದಲಿಸಿದ್ದು 2001ರಲ್ಲಿ ಇದೇ ತಂಡ ಎಲೆನ್ ಬ್ರಾಟ್‌ಸ್ಲಾವ್‌ಸ್ಕಿ ಜೊತೆಗೂಡಿ ಪ್ರಕಟಿಸಿದ ಪ್ರಯೋಗ ಎಂದು ನಾನು ನಂಬುತ್ತೇನೆ. ಭಾಗವಹಿಸಿದವರಲ್ಲಿ ಕೆಲವರ ಮನಸ್ಸನ್ನು ಮೊದಲು ಬೇಸರಕ್ಕೆ ದೂಡಿದರು. ಆಮೇಲೆ ಗಣಿತದ ಪರೀಕ್ಷೆಯೊಂದಕ್ಕೆ ತಯಾರಾಗಲು ಸಮಯ ಕೊಟ್ಟು, ಪಕ್ಕದಲ್ಲೇ ಮನಸ್ಸು ಸೆಳೆಯುವ ಆಟ, ಪತ್ರಿಕೆಗಳನ್ನು ಇಟ್ಟರು. ಬೇಸರದಲ್ಲಿದ್ದವರು ಓದು ಬಿಟ್ಟು ಅವುಗಳತ್ತ ಹೆಚ್ಚು ವಾಲಿದರು. ಇನ್ನು ಕೆಲವರಿಗೆ ಮಾತ್ರ ಪರಿಮಳದ ಮೇಣದಬತ್ತಿ ಹಚ್ಚಿಟ್ಟು, ಇದರ ಪ್ರಭಾವದಿಂದ ಸ್ವಲ್ಪ ಹೊತ್ತು ನಿಮ್ಮ ಮನಸ್ಸಿನ ಸ್ಥಿತಿ ಬದಲಾಗುವುದಿಲ್ಲ ಎಂದು ನಂಬಿಸಿದ್ದರು. ಅವರಿಗೂ ಅಷ್ಟೇ ಬೇಸರವಿತ್ತು, ಆದರೆ ಅವರು ಹಾಗೆ ಕಾಲ ಕಳೆಯಲಿಲ್ಲ. ಆಟವಾಡಿದರೂ ಮನಸ್ಸು ಹಗುರವಾಗದು ಎಂದಾದ ಮೇಲೆ ಆಟಕ್ಕೆ ಹೋಗುವ ಕಾರಣವೇ ಉಳಿದಿರಲಿಲ್ಲ.

ಹಾಗಾದರೆ ಮುಂದೂಡುವವರು ಅರಸುತ್ತಿರುವುದು ಆ ಕ್ಷಣದ ನೆಮ್ಮದಿ. ಕೆಲಸ ನೆನೆದೊಡನೆ ಎದೆಯಲ್ಲಿ ಏಳುವ ಕಸಿವಿಸಿಯಿಂದ ಪಾರಾಗಲು ಅವರು ಕೆಲಸದಿಂದಲೇ ದೂರ ಸರಿಯುತ್ತಾರೆ. 2013ರಲ್ಲಿ ಫ್ಯೂಶಿಯಾ ಸಿರ್ವಾ ಮತ್ತು ಟಿಮೊಥಿ ಪಿಚಿಲ್ ಈ ವಾದವನ್ನು ಇನ್ನಷ್ಟು ವಿಸ್ತರಿಸಿದರು. ಆಗ ಸಿಗುವ ನೆಮ್ಮದಿಯ ಬೆಲೆಯನ್ನು ತೆರುವುದು ನಾಳಿನ ನಾವು, ಆ ನಾವು ಇಂದಿನ ನಮಗೆ ಬಹುತೇಕ ಅಪರಿಚಿತರು ಎಂಬುದು ಅವರ ಮಾತಿನ ಸಾರ. ವೇಳಾಪಟ್ಟಿ ಹಾಕಿಕೊಂಡವರೂ ಯಾಕೆ ಸೋಲುತ್ತಾರೆ ಎಂಬುದಕ್ಕೆ ಇಲ್ಲಿ ಉತ್ತರವಿದೆ. ಪಟ್ಟಿಗೆ ಸಮಯ ಹಂಚಲು ಬರುತ್ತದೆ, ಭಯ ಕಳೆಯಲು ಬರುವುದಿಲ್ಲ.

ಇದರ ನಡುವೆ 2007ರಲ್ಲಿ ಕ್ಯಾಲ್ಗರಿಯ ಪಿಯರ್ಸ್ ಸ್ಟೀಲ್ ಅಲ್ಲಿಯವರೆಗಿನ ಅಧ್ಯಯನಗಳಿಂದ 691 ಸಹಸಂಬಂಧಗಳನ್ನು ಒಟ್ಟುಗೂಡಿಸಿ ಮರುಪರಿಶೀಲಿಸಿದರು. ಪರಿಪೂರ್ಣತೆಯ ಹಂಬಲವೇ ಮುಂದೂಡಿಕೆಗೆ ಮೂಲ ಎಂಬ ಜನಪ್ರಿಯ ನಂಬಿಕೆಗೆ ಅಲ್ಲಿ ಹೆಚ್ಚಿನ ಆಧಾರ ಸಿಗಲಿಲ್ಲ. ಗಾಢ ಸಂಬಂಧ ಕಂಡದ್ದು ದುಡುಕು ಸ್ವಭಾವ, ಕೆಲಸದ ಅರುಚಿ, ಆತ್ಮವಿಶ್ವಾಸದ ಕೊರತೆಗಳ ಜೊತೆ. 2014ರಲ್ಲಿ ಪ್ರಕಟವಾದ ಕೊಲೊರಾಡೊದ ಅವಳಿಗಳ ಅಧ್ಯಯನವೂ ದುಡುಕು ಮತ್ತು ಮುಂದೂಡಿಕೆಗಳ ಆನುವಂಶಿಕ ಬೇರುಗಳು ಹೆಣೆದುಕೊಂಡಿವೆ ಎಂದಿತು.

ಪರಿಹಾರಗಳ ಪೈಕಿ ಅರ್ಥಶಾಸ್ತ್ರದ ಕಡೆಯಿಂದ ಬಂದವು ಹೊರಗಿನ ಏರ್ಪಾಡಿಗೆ ಒತ್ತು ಕೊಟ್ಟವು. 2002ರಲ್ಲಿ ಡ್ಯಾನ್ ಏರಿಯಲಿ ಮತ್ತು ಕ್ಲಾಸ್ ವೆರ್ಟೆನ್‌ಬ್ರಾಕ್ ಕರಡು ತಿದ್ದುವ ಕೆಲಸ ಕೊಟ್ಟು ನೋಡಿದರು. ಸಮಾನ ಅಂತರದ ಗಡುವುಗಳನ್ನು ವಿಧಿಸಲಾಗಿದ್ದವರು ಅತಿ ಹೆಚ್ಚು ತಪ್ಪು ಹಿಡಿದರು, ತಾವೇ ಗಡುವು ಹಾಕಿಕೊಂಡವರು ನಂತರದ ಸ್ಥಾನದಲ್ಲಿದ್ದರು, ಕಟ್ಟಕಡೆಗೆ ಒಂದೇ ಗಡುವಿದ್ದವರು ಎಲ್ಲರಿಗಿಂತ ಹಿಂದೆ ಬಿದ್ದರು. ರಿಚರ್ಡ್ ಥೇಲರ್ ಮತ್ತು ಶ್ಲೋಮೊ ಬೆನಾರ್ಟ್‌ಜಿ 2004ರಲ್ಲಿ ವಿವರಿಸಿದ ಉಳಿತಾಯ ಯೋಜನೆ ಇನ್ನೂ ಜಾಣತನದ್ದು. ಈಗಲೇ ಹೆಚ್ಚು ಉಳಿಸಿ ಎನ್ನುವ ಬದಲು, ಮುಂದೆ ಸಂಬಳ ಏರಿದಾಗ ಉಳಿತಾಯವೂ ತಾನಾಗಿ ಏರಲಿ ಎಂಬುದಕ್ಕೆ ನೌಕರರಿಂದ ಮೊದಲೇ ಒಪ್ಪಿಗೆ ಪಡೆದರು. ಸೇರಿದವರ ಉಳಿತಾಯ 40 ತಿಂಗಳಲ್ಲಿ ಸಂಬಳದ ಶೇ. 3.5ರಿಂದ ಶೇ. 13.6ಕ್ಕೆ ಏರಿತು. ನಾಳೆಗೆ ತಳ್ಳುವ ಸ್ವಭಾವವನ್ನೇ ಇಲ್ಲಿ ಅವರ ಒಳಿತಿಗೆ ಬಳಸಿಕೊಂಡಂತಾಯಿತು.

ಮನೋವಿಜ್ಞಾನದ ಕಡೆ, ಜರ್ಮನಿಯ ಪೀಟರ್ ಗೋಲ್‌ವಿಟ್ಜರ್ ತೋರಿಸಿದ ಉಪಾಯ ಬಹಳ ಸರಳ. ‘ಓದುತ್ತೇನೆ’ ಎಂಬ ಸಂಕಲ್ಪಕ್ಕಿಂತ ‘ರಾತ್ರಿ ಊಟ ಮುಗಿದ ಕೂಡಲೇ ಮಹಡಿಯ ಕೋಣೆಯಲ್ಲಿ ಮೂರನೇ ಅಧ್ಯಾಯ ತೆರೆಯುತ್ತೇನೆ’ ಎಂಬ ರೀತಿಯ ಸಂಕಲ್ಪ ಕೈಗೂಡುವ ಸಾಧ್ಯತೆ ಹೆಚ್ಚು.

ನನ್ನನ್ನು ಬಹಳ ತಟ್ಟಿದ್ದು 2010ರಲ್ಲಿ ಮೈಕೆಲ್ ವೋಲ್, ಪಿಚಿಲ್ ಮತ್ತು ಶಾನನ್ ಬೆನೆಟ್ ಪ್ರಕಟಿಸಿದ ಅಧ್ಯಯನ. ಮೊದಲ ವರ್ಷದ 119 ವಿದ್ಯಾರ್ಥಿಗಳನ್ನು ಎರಡು ಪರೀಕ್ಷೆಗಳುದ್ದಕ್ಕೂ ಅವರು ಗಮನಿಸಿದರು. ಮೊದಲ ಪರೀಕ್ಷೆಗೆ ಓದದೆ ಕಾಲ ಕಳೆದದ್ದಕ್ಕೆ ತಮ್ಮನ್ನು ತಾವು ಕ್ಷಮಿಸಿಕೊಂಡವರು ಎರಡನೆಯದಕ್ಕೆ ಅಷ್ಟು ಮುಂದೂಡಲಿಲ್ಲ. ಕ್ಷಮಿಸಿಕೊಂಡರೆ ಸಡಿಲಬಿಟ್ಟಂತೆ ಎಂಬುದು ನಮ್ಮ ಮನೆ, ಶಾಲೆಗಳ ಗಟ್ಟಿ ನಂಬಿಕೆ. ಪಿಯುಸಿ ಓದುವ ಹುಡುಗನಿಗೆ ದಿನಕ್ಕೆ ನಾಲ್ಕು ಸಲ ‘ಸೋಮಾರಿ’ ಎಂದರೆ ಪುಸ್ತಕ ಕಂಡಾಗಲೆಲ್ಲ ಆ ಮಾತೂ ನೆನಪಾಗುತ್ತದೆ. ಅದರಿಂದ ತಪ್ಪಿಸಿಕೊಳ್ಳಲು ಅವನಿಗೆ ಮೊಬೈಲ್ ಕೈಯಲ್ಲೇ ಇದೆ.

ಚಿಕಿತ್ಸೆಯೂ ಈಗ ಸಾಧ್ಯವಾಗಿದೆ. ಸ್ವೀಡನ್ನಿನ ಅಲೆಕ್ಸಾಂಡರ್ ರೋಸೆಂಟಾಲ್ ತಂಡ 150 ಜನರಿಗೆ ಅಂತರ್ಜಾಲದ ಮೂಲಕ ಅರಿವು-ವರ್ತನೆ ಚಿಕಿತ್ಸೆ ಪ್ರಯೋಗಿಸಿ 2015ರಲ್ಲಿ ಸುಧಾರಣೆ ವರದಿ ಮಾಡಿತು. 2018ರಲ್ಲಿ 24 ಅಧ್ಯಯನಗಳನ್ನು ಒಟ್ಟಾಗಿ ನೋಡಿದ ವೆಂಡೆಲಿನ್ ವಾನ್ ಎರ್ಡೆ ಮತ್ತು ಕತ್ರಿನ್ ಕ್ಲಿಂಗ್‌ಸೀಕ್ ಅವರಿಗೂ ಇತರ ವಿಧಾನಗಳಿಗಿಂತ ಇದೇ ಮೇಲೆಂದು ಕಂಡಿತು. 2023ರಲ್ಲಿ ಸ್ಟಾಕ್‌ಹೋಮ್ ಸುತ್ತಲಿನ 3,525 ವಿದ್ಯಾರ್ಥಿಗಳ ಅಧ್ಯಯನ ಹೊರಬಂತು. ಹೆಚ್ಚು ಮುಂದೂಡುವವರಲ್ಲಿ ಒಂಬತ್ತು ತಿಂಗಳ ನಂತರ ಖಿನ್ನತೆ, ಆತಂಕ, ನಿದ್ರೆಯ ತೊಂದರೆ, ತೋಳಿನ ನೋವು ಹೆಚ್ಚಾಗಿ ಕಂಡವು. ಮುಂದೂಡಿಕೆಯೇ ಇವಕ್ಕೆ ಕಾರಣ ಎಂದು ಈ ಬಗೆಯ ಅಧ್ಯಯನ ಸಾಬೀತು ಮಾಡಲಾರದು. ಆದರೂ ವಿದ್ಯಾರ್ಥಿಯೊಬ್ಬಳು ತಿಂಗಳುಗಟ್ಟಲೆ ಪ್ರಬಂಧ ಮುಟ್ಟದೆ ಕೂತಿದ್ದಾಳೆ ಎಂದಾದರೆ, ಹಾಜರಾತಿ ಪುಸ್ತಕ ನೋಡುವ ಮೊದಲು ಅವಳಿಗೆ ನಿದ್ದೆ ಬರುತ್ತಿದೆಯೇ ಎಂದು ಮಾರ್ಗದರ್ಶಕರು ಕೇಳಲು ಇಷ್ಟು ಆಧಾರ ಸಾಕು.