ಕೆರೆ ಕಾಯ್ದ 84 ಹಳ್ಳಿಗಳು



1908ರಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದನ್ನು ಮುಳುಗಿಸಿದಾಗ ನಿಜಾಮರ ಸರ್ಕಾರ ಕರೆಸಿಕೊಂಡದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಅವರ ಸಲಹೆಯಿಂದ ಹುಟ್ಟಿದ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ನಗರಕ್ಕೆ ಕುಡಿಯುವ ನೀರನ್ನೂ ಕೊಟ್ಟವು.

ಆ ನೀರು ಕೆಡದಿರಲೆಂದು 1996ರಲ್ಲಿ ಸರ್ಕಾರಿ ಆದೇಶ 111 ಬಂತು. ಸುತ್ತಲಿನ 84 ಹಳ್ಳಿಗಳಲ್ಲಿ ಮಾಲಿನ್ಯ ತರುವ ಕಾರ್ಖಾನೆ, ಹೋಟೆಲು, ಬಡಾವಣೆಗಳಿಗೆ ತಡೆ ಬಿತ್ತು. ಬೇಸಾಯಕ್ಕೇನೋ ಅಡ್ಡಿಯಿರಲಿಲ್ಲ. ಆದರೆ ಮಗಳ ಮದುವೆಗೋ ಸಾಲ ತೀರಿಸಲೋ ಒಂದೆಕರೆ ಮಾರಹೊರಟ ರೈತನಿಗೆ ಗಡಿಯಾಚೆಯ ಹೊಲದ ಬೆಲೆ ಸಿಗಲಿಲ್ಲ.

2022ರಲ್ಲಿ ಆ ನಿರ್ಬಂಧ ತೆಗೆಯುವ ಆದೇಶ 69 ಹೊರಟಿತು. ಕೆರೆಯ ಗತಿಯೇನೆಂದು ಹಲವರು ಮರುಗಿದರು. ಅದೂ ನ್ಯಾಯವೇ. ಆದರೆ ಮಿತ್ರರೇ, ನೀರು ಕುಡಿದ ನಗರ, ಕೆರೆ ಕಾಯ್ದವರಿಗೆ ಕೊಟ್ಟದ್ದೇನು? ನೀವೇ ಹೇಳಿ.