ಗಂಧಕದ ಅಂಟು ಮತ್ತು ಒಂದು ಚಳಿಯ ರಾತ್ರಿ



ಕಳೆದ ಮಳೆಗಾಲದಲ್ಲಿ ನಮ್ಮ ಸ್ಟುಡಿಯೋ ಬಾಗಿಲಿನ ರಬ್ಬರ್ ಪಟ್ಟಿ ಒಂದು ಬೆರಳಿನಷ್ಟು ಕಿತ್ತುಬಂದಿತ್ತು. ಅಷ್ಟೇ ಸಾಕಾಯಿತು ನೋಡಿ. ಲಿಫ್ಟಿನ ಗಂಟೆ, ಕಾರಿಡಾರಿನ ಚಪ್ಪಲಿ ಸದ್ದು, ಹೊರಗಿನ ಮುಂಬೈ ಮಳೆ ಎಲ್ಲವೂ ನನ್ನ ಮಾತಿನ ಜೊತೆಗೇ ಪ್ರಸಾರವಾದವು. ಥಾಣೆಯ ಕೇಳುಗರೊಬ್ಬರು ಫೋನ್ ಮಾಡಿ, "ಮೇಡಂ, ಕೊಡೆ ಹಿಡ್ಕೊಂಡು ಓದ್ತಾ ಇದೀರಾ?" ಅಂತ ಕೇಳಿದರು! ಮರುದಿನ ಬಂದ ರಿಪೇರಿಯವರು ಪಟ್ಟಿ ಬದಲಾಯಿಸಿ, ಗಾಜಿನ ಕಿಟಕಿಯ ಸುತ್ತ ಕೊಳವೆಯಿಂದ ಬೂದು ಬಣ್ಣದ ಅಂಟನ್ನು ಹಿಂಡಿ, ಹತ್ತೇ ನಿಮಿಷದಲ್ಲಿ ಕೆಲಸ ಮುಗಿಸಿದರು. ಸೀಲಂಟ್ ಎಂದು ಕರೆಯುವ ಈ ಅಂಟಿನ ಹಿಂದೆ ಎಷ್ಟು ದೊಡ್ಡ ಕಥೆಯಿದೆ ಎಂಬುದು ಓದುತ್ತಾ ಹೋದಾಗ ತಿಳಿಯಿತು. ಅದನ್ನು ನಿಮ್ಮ ಜೊತೆ ಹಂಚಿಕೊಳ್ಳುವ ಆಸೆ.

ಕಥೆ ಶುರುವಾಗುವುದು 1926ರಲ್ಲಿ, ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ. ಜೋಸೆಫ್ ಪ್ಯಾಟ್ರಿಕ್ ಮತ್ತು ನೇಥನ್ ಮ್ನೂಕಿನ್ ಎಂಬ ಇಬ್ಬರು ರಸಾಯನ ತಜ್ಞರು, ಚಳಿಗಾಲದಲ್ಲಿ ಕಾರಿನ ರೇಡಿಯೇಟರ್ ನೀರು ಹೆಪ್ಪುಗಟ್ಟದಂತೆ ತಡೆಯುವ ಅಗ್ಗದ ದ್ರವವೊಂದನ್ನು ಹುಡುಕುತ್ತಿದ್ದರು. ಎಥಿಲೀನ್ ಡೈಕ್ಲೋರೈಡ್ ಮತ್ತು ಸೋಡಿಯಂ ಪಾಲಿಸಲ್ಫೈಡ್ ಬೆರೆಸಿದಾಗ ಸಿಕ್ಕಿದ್ದು ದ್ರವವಲ್ಲ, ಮೂಗು ಮುಚ್ಚಿಕೊಳ್ಳುವಂಥ ವಾಸನೆಯ ಗೋಂದು! ಅದು ಪ್ರಯೋಗಾಲಯದ ಸಿಂಕಿನ ಕೊಳವೆಯಲ್ಲಿ ಕೂತುಬಿಟ್ಟಿತು. ಯಾವ ದ್ರಾವಕ ಸುರಿದರೂ ಕರಗಲಿಲ್ಲ. ತಲೆ ಕೆರೆದುಕೊಳ್ಳುತ್ತಿದ್ದ ಅವರಿಗೆ ಆಗ ಹೊಳೆಯಿತು: ಯಾವುದಕ್ಕೂ ಕರಗದಿರುವುದೇ ಇದರ ದೊಡ್ಡ ಗುಣ!

ಆ ವಸ್ತುವಿಗೆ ಇಟ್ಟ ಹೆಸರು ಥಯೋಕಾಲ್. ಗ್ರೀಕ್ ಭಾಷೆಯ ಗಂಧಕ ಮತ್ತು ಅಂಟು ಎಂಬ ಎರಡು ಪದಗಳಿಂದ ಬಂದದ್ದು. ಕನ್ನಡದಲ್ಲಿ ಹೇಳುವುದಾದರೆ "ಗಂಧಕದ ಅಂಟು". 1929ರಲ್ಲಿ ಅದೇ ಹೆಸರಿನ ಕಂಪನಿಯೂ ಹುಟ್ಟಿತು. ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದ ಮೊದಲ ಸಂಶ್ಲೇಷಿತ ರಬ್ಬರ್‌ಗಳ ಸಾಲಿನಲ್ಲಿ ಇದಕ್ಕೆ ಸ್ಥಾನವಿದೆ. ಸಾಮಾನ್ಯ ರಬ್ಬರ್ ಪೆಟ್ರೋಲ್ ತಾಗಿದರೆ ಉಬ್ಬಿ ಹಾಳಾಗುತ್ತದೆ. ಥಯೋಕಾಲ್ ಹಾಗಾಗುತ್ತಿರಲಿಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ವಿಮಾನದ ಇಂಧನ ಟ್ಯಾಂಕುಗಳಿಗೆ ಬೇಕಾಗಿದ್ದೂ ಇದೇ ಗುಣ. 1940ರ ದಶಕದಲ್ಲಿ ಪ್ಯಾಟ್ರಿಕ್ ಮತ್ತವರ ಸಂಗಡಿಗರು ಇದನ್ನು ದ್ರವರೂಪದಲ್ಲಿ ತಯಾರಿಸಿದರು. ಇನ್ನೊಂದು ರಾಸಾಯನಿಕ ಬೆರೆಸಿ ಸಂದಿಗೆ ಹಚ್ಚಿದರೆ, ಬೆಂಕಿ ಬಿಸಿ ಏನೂ ಬೇಡ, ತಾನಾಗಿಯೇ ಗಟ್ಟಿಯಾಗಿ ರಬ್ಬರ್ ಆಗುತ್ತದೆ. ವಿಮಾನದ ಇಂಧನ ಟ್ಯಾಂಕುಗಳಲ್ಲಿ, ಕಾಂಕ್ರೀಟ್ ನೀರಿನ ತೊಟ್ಟಿ ಮತ್ತು ಸೇತುವೆಗಳ ಸಂದಿಗಳಲ್ಲಿ, ಜೋಡಿ ಗಾಜಿನ ಕಿಟಕಿಗಳ ಅಂಚಿನಲ್ಲಿ ಈ ಜಾತಿಯ ಅಂಟು ಇಂದಿಗೂ ಬಳಕೆಯಲ್ಲಿದೆ. ಕಾಂಕ್ರೀಟ್ ಬಿಸಿಲಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಸಂದಿಗೆ ಸಿಮೆಂಟ್ ಮೆತ್ತಿದರೆ ಬಿರುಕು ಬಿಡುತ್ತದೆ. ರಬ್ಬರ್ ಆದರೆ ಜೊತೆಗೇ ಹಿಗ್ಗಿ, ಜೊತೆಗೇ ಕುಗ್ಗುತ್ತದೆ. ಸೀಲಂಟಿನ ಕೆಲಸ ಬರೀ ತುಂಬುವುದಲ್ಲ, ಹೊಂದಿಕೊಳ್ಳುವುದು.

ಯುದ್ಧದ ನಂತರ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಇದೇ ದ್ರವ ರಬ್ಬರಿನಲ್ಲಿ ರಾಕೆಟ್ಟಿನ ಘನ ಇಂಧನವನ್ನು ಕಲಸಿ ಹಿಡಿದಿಡಬಹುದು ಎಂದು ಕಂಡುಕೊಂಡರು. ಹಾಗೆ ಅಂಟಿನ ಕಂಪನಿ ರಾಕೆಟ್ ಕಂಪನಿಯಾಯಿತು. 1982ರಲ್ಲಿ ಇನ್ನೊಂದು ಕಂಪನಿಯ ಜೊತೆ ಸೇರಿ ಮಾರ್ಟನ್ ಥಯೋಕಾಲ್ ಎಂಬ ಹೆಸರು ಪಡೆಯಿತು. ನಾಸಾದ ಬಾಹ್ಯಾಕಾಶ ನೌಕೆಯನ್ನು ಮೇಲಕ್ಕೊಯ್ಯುವ ಎರಡು ಬೂಸ್ಟರ್ ರಾಕೆಟ್ಟುಗಳನ್ನು ತಯಾರಿಸುತ್ತಿದ್ದವರು ಇವರೇ.

ಬೂಸ್ಟರನ್ನು ಯೂಟಾ ರಾಜ್ಯದಲ್ಲಿ ತುಂಡು ತುಂಡಾಗಿ ತಯಾರಿಸಿ, ರೈಲಿನಲ್ಲಿ ಫ್ಲೋರಿಡಾಕ್ಕೆ ಸಾಗಿಸಿ, ಅಲ್ಲಿ ಜೋಡಿಸಬೇಕಿತ್ತು. ತುಂಡುಗಳಿದ್ದ ಮೇಲೆ ಸಂದಿಗಳೂ ಇರಲೇಬೇಕಲ್ಲ! ಪ್ರತಿ ಸಂದಿಗೂ ಎರಡೆರಡು ರಬ್ಬರ್ ಬಳೆಗಳು, ಅಂದರೆ ಓ-ರಿಂಗುಗಳು. ಇವು ವಿಟಾನ್ ಎಂಬ ಬೇರೆ ಜಾತಿಯ ಸಂಶ್ಲೇಷಿತ ರಬ್ಬರಿನವು. ಬಳೆಯ ಅಡ್ಡಗಲ ಸುಮಾರು 12 ಅಡಿ, ದಪ್ಪ ಮಾತ್ರ ಸುಮಾರು 7 ಮಿಲಿಮೀಟರ್. ರಾಕೆಟ್ ಹೊತ್ತಿಕೊಂಡ ಕ್ಷಣ ಉಕ್ಕಿನ ಗೋಡೆ ಒತ್ತಡಕ್ಕೆ ಉಬ್ಬಿ ಸಂದಿ ಅಗಲವಾಗುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ರಬ್ಬರ್ ಹಿಗ್ಗಿ ಆ ಸಂದಿಯನ್ನು ಮುಚ್ಚಬೇಕು. ಚಳಿಯಲ್ಲಿ ರಬ್ಬರ್ ಮಂದವಾಗುತ್ತದೆ.

1985ರ ಜನವರಿಯ ಒಂದು ಉಡಾವಣೆಯ ನಂತರ ಬಿಚ್ಚಿ ನೋಡಿದಾಗ, ಎರಡು ಬಳೆಗಳ ನಡುವೆ ಮಸಿ ಕಂಡಿತ್ತು. ಇಂಜಿನಿಯರ್ ರೋಜರ್ ಬೊಯ್ಜೊಲಿ ಅದೇ ವರ್ಷ ಜುಲೈಯಲ್ಲಿ ಮೇಲಧಿಕಾರಿಗಳಿಗೆ ಪತ್ರ ಬರೆದು, ಇದನ್ನು ಸರಿಪಡಿಸದಿದ್ದರೆ ಜೀವಹಾನಿಯಾದೀತು ಎಂದು ಎಚ್ಚರಿಸಿದರು. 1986ರ ಜನವರಿ 27ರ ರಾತ್ರಿ ಫ್ಲೋರಿಡಾದಲ್ಲಿ ಕೊರೆಯುವ ಚಳಿ. ಬಳೆಯ ತಾಪ 12 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇದ್ದರೆ ಉಡಾವಣೆ ಬೇಡ ಎಂದು ಕಂಪನಿಯ ಇಂಜಿನಿಯರುಗಳು ಫೋನ್ ಸಭೆಯಲ್ಲಿ ಹೇಳಿದರು. ನಾಸಾದವರಿಗೆ ಅದು ಹಿಡಿಸಲಿಲ್ಲ. ಆಗ ಕಂಪನಿಯ ಹಿರಿಯರು ತಮ್ಮೊಳಗೇ ಮಾತಾಡಿಕೊಂಡರು. ಇಂಜಿನಿಯರಿಂಗ್ ವಿಭಾಗದ ಮುಖ್ಯಸ್ಥರಿಗೆ, ಇಂಜಿನಿಯರನ ಟೋಪಿ ತೆಗೆದು ಮ್ಯಾನೇಜರನ ಟೋಪಿ ಹಾಕಿಕೊಳ್ಳಿ ಎಂಬ ಸಲಹೆ ಬಂತು. "ಬೇಡ" ಎಂಬುದು "ಆಗಲಿ" ಆಯಿತು. ಫ್ಲೋರಿಡಾದಲ್ಲಿದ್ದ ಇಂಜಿನಿಯರ್ ಆಲನ್ ಮೆಕ್‌ಡೊನಾಲ್ಡ್ ಮಾತ್ರ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲಿಲ್ಲ. ಸಹಿ ಯೂಟಾದಿಂದ ಬಂತು.

ಮರುದಿನ ಬೆಳಿಗ್ಗೆ ತಾಪಮಾನ ಸುಮಾರು 2 ಡಿಗ್ರಿ. ಚಾಲೆಂಜರ್ ಹೊರಟ 73 ಸೆಕೆಂಡುಗಳಲ್ಲಿ ಆಕಾಶದಲ್ಲೇ ಛಿದ್ರವಾಯಿತು. ಶಾಲಾ ಶಿಕ್ಷಕಿ ಕ್ರಿಸ್ಟಾ ಮೆಕಾಲಿಫ್ ಸೇರಿ ಏಳು ಜನ ತೀರಿಕೊಂಡರು. ಫೆಬ್ರವರಿಯಲ್ಲಿ, ತನಿಖಾ ಆಯೋಗದ ಸದಸ್ಯರಾಗಿದ್ದ ವಿಜ್ಞಾನಿ ರಿಚರ್ಡ್ ಫೈನ್‌ಮನ್ ಅದೇ ರಬ್ಬರಿನ ತುಂಡನ್ನು ಅದುಮಿ, ಐಸ್ ನೀರಿನ ಲೋಟದಲ್ಲಿ ಅದ್ದಿ ತೆಗೆದರು. ಅದುಮು ಸಡಿಲಿಸಿದರೂ ರಬ್ಬರ್ ತಕ್ಷಣ ಮೊದಲಿನ ಆಕಾರಕ್ಕೆ ಬರಲಿಲ್ಲ. ಜಗತ್ತಿಗೆ ಅರ್ಥವಾಗಲು ಅಷ್ಟು ಸಾಕಾಯಿತು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ ನಮ್ಮಲ್ಲಿ. ಇಲ್ಲಿ ಹೋದದ್ದು ಮಾನವಷ್ಟೇ ಅಲ್ಲ, ಪ್ರಾಣ. ತನಿಖೆಯಲ್ಲಿ ನಿಜ ಹೇಳಿದ ಮೆಕ್‌ಡೊನಾಲ್ಡ್ ಅವರನ್ನು ಕಂಪನಿ ಮೊದಲು ಕೆಳಗಿನ ಹುದ್ದೆಗೆ ತಳ್ಳಿತು. ಅಮೆರಿಕದ ಸಂಸತ್ತಿನ ಸದಸ್ಯರು ಗದರಿದ ಮೇಲೆ ವಾಪಸು ಕರೆದು, ಹೊಸ ಸಂದಿಯ ವಿನ್ಯಾಸದ ಹೊಣೆ ಕೊಟ್ಟಿತು. ಮೂರನೇ ಬಳೆ ಮತ್ತು ಬೆಚ್ಚಗಿಡುವ ಹೀಟರ್ ಸೇರಿದವು. 1988ರ ಸೆಪ್ಟೆಂಬರ್ 29ರಂದು ನೌಕೆ ಮತ್ತೆ ಹಾರಿತು. ಬೊಯ್ಜೊಲಿ ಮಾತ್ರ ಕೆಲಸ ಬಿಟ್ಟು, ಇಂಜಿನಿಯರನ ಹೊಣೆಗಾರಿಕೆ ಕುರಿತು ಕಾಲೇಜುಗಳಲ್ಲಿ ಮಾತಾಡುತ್ತಾ 2012ರಲ್ಲಿ ತೀರಿಕೊಂಡರು.

ನಮ್ಮ ಕೇಳುಗರಲ್ಲಿ ಕಾರ್ಖಾನೆ, ಕಟ್ಟಡದ ಸೈಟು, ವರ್ಕ್‌ಶಾಪುಗಳಲ್ಲಿ ದುಡಿಯುವವರು ಬಹಳ. ಯಾವುದೋ ಮೀಟಿಂಗಿನಲ್ಲಿ "ಇದು ಸರಿಯಿಲ್ಲ ಸಾರ್" ಎನ್ನುವ ಪಾಳಿ ನಿಮಗೂ ಬಂದಿರಬಹುದು, ನಾಳೆ ಬರಬಹುದು. ಆಗ ಆ ರಾತ್ರಿಯ ಫೋನ್ ಸಭೆ ನೆನಪಾಗಲಿ. ಹೇಳುವ ಕುರ್ಚಿಯಲ್ಲಿದ್ದರೂ ಸರಿ, ಕೇಳುವ ಕುರ್ಚಿಯಲ್ಲಿದ್ದರೂ ಸರಿ.

ಅಂದಹಾಗೆ, ನಮ್ಮ ಸ್ಟುಡಿಯೋದೊಳಗೆ ಈಗ ಮಳೆ ಬರುತ್ತಿಲ್ಲ. ಮತ್ತೆ ಸಿಗೋಣ, ಕೇಳ್ತಾ ಇರಿ.